ಬರ್ಗೆನ್ ಸುತ್ತಾಟ: ಎಲ್ಲಿ ದುಡ್ಡು ಕೊಡ್ಬೇಕು, ಎಲ್ಲಿ ಬೇಡ (ತೀರ್ಥಹಳ್ಳಿ ಕಡೆಯೋಳ ರಿವ್ಯೂ)

ಮೊದ್ಲೇ ಹೇಳ್ಬಿಡ್ತೀನಿ, ನಾರ್ವೆ ದೇಶದ ಬರ್ಗೆನ್ ಊರಿಗೆ ನನ್ನ ಲೆಕ್ಕದಲ್ಲಿ ಐದಕ್ಕೆ ನಾಲ್ಕು ಸ್ಟಾರ್. ಕಮ್ಮಿ ಆದ ಆ ಒಂದು ಸ್ಟಾರ್ ಮಳೆಗಲ್ಲ. ನೆಟ್ಟಲ್ಲಿ ಹುಡುಕಿದ್ರೆ "ಮಳೆ ಬಂತು, ಟ್ರಿಪ್ ಹಾಳಾಯ್ತು" ಅಂತ ಬರೆದು ಎರಡು ಸ್ಟಾರ್ ಒತ್ತಿ ಹೋದೋರು ಬೇಕಾದಷ್ಟು ಜನ ಸಿಗ್ತಾರೆ, ಅವ್ರನ್ನೆಲ್ಲ ಜುಲೈ ತಿಂಗಳಲ್ಲಿ ಒಂದು ವಾರ ಆಗುಂಬೆಲಿ ತಂದು ಬಿಡ್ಬೇಕು ಮಾರಾಯ್ರೆ. ನಾನು ಸ್ಟಾರ್ ಕತ್ತರಿಸಿದ್ದು ಬಂದರಿನ ಎದುರಿಗಿರೋ ಊಟದ ರೇಟಿಗೆ ಮತ್ತೆ ಒಂದು ಬಸ್ಸಿಗೆ, ಅದನ್ನ ಮುಂದೆ ಹೇಳ್ತೀನಿ. ಉಳಿದಂಗೆ ಹಳೇ ಮರದ ಕಟ್ಟಡ, ಗುಡ್ಡ, ಜಡಿಮಳೆ, ಮಂಡಿ ವ್ಯಾಪಾರ ಇದ್ರ ಮಧ್ಯೆನೇ ಬೆಳೆದಿರೋ ನಮ್ಮಂಥೋರಿಗೆ ಈ ಊರು ಬೇರೆಯೋರಿಗಿಂತ ಬೇಗ ಅರ್ಥ ಆಗುತ್ತೆ. ಒಂದೇ ಷರತ್ತು, ನಡೆದು ನೋಡ್ಬೇಕು, ಮತ್ತೆ ಊರು ಗೊತ್ತಿರೋರು ಯಾರಾದ್ರು ಹೇಳ್ತಾ ಜೊತೆಗೆ ಬರ್ಬೇಕು.

ಹೋಗಿದ್ದು ನಾನು, ನಮ್ಮನೆಯವ್ರು, ಅತ್ತೆ. ನಾದಿನಿ ಗಂಡಂಗೆ ಸ್ಟಾವಂಗರ್ ಅನ್ನೋ ಊರಲ್ಲಿ ಕೆಲಸ, ಅಲ್ಲಿಂದ ಅವ್ರೂ ಸೇರಿ ಎಲ್ಲ ಬಸ್ಸಲ್ಲಿ ಹೊರಟ್ವಿ. ಐದು ಗಂಟೆ ಮೇಲೆ ಆಗುತ್ತೆ, ಆದ್ರೆ ಸಮುದ್ರದ ಕೆಳಗಿನ ಸುರಂಗ, ದ್ವೀಪ, ಸೇತುವೆ ಅಂತ ಹೊತ್ತು ಹೋಗಿದ್ದೇ ಗೊತ್ತಾಗಲ್ಲ, ನಡುವೆ ಎರಡು ಕಡೆ ಬಸ್ಸೇ ಸೀದಾ ಹಡಗಿನ ಹೊಟ್ಟೆಯೊಳಗೆ ಹೋಗಿ ನಿಲ್ಲುತ್ತೆ, ನಾವು ಇಳಿದು ಮೇಲೆ ಹೋಗಿ ಕಾಫಿ ಕುಡಿಬಹುದು. ಸಿಗಂದೂರು ಲಾಂಚಿಗೆ ಬಸ್ಸು ಹತ್ತಿಸ್ತಿದ್ದ ಕಾಲ ನೋಡಿದ ಅತ್ತೆಗೆ ಅದೇನೂ ದೊಡ್ಡ ವಿಷಯ ಅನ್ನಿಸ್ಲಿಲ್ಲ. "ಇಲ್ಲೂ ಸೇತುವೆ ಮಾಡಿಲ್ವ ಇನ್ನೂ" ಅಂದ್ರು ಅಷ್ಟೇ.

ಮಳೆ ವಿಷಯ ಒಂದು ಮುಗಿಸಿಬಿಡೋಣ. ಬರ್ಗೆನ್‌ಗೆ ವರ್ಷಕ್ಕೆ 2,250 ಮಿಲಿಮೀಟರ್ ಅಂತ ಹಳೇ ಲೆಕ್ಕ, ಈಗೀಗ ಅದಕ್ಕಿಂತ ಜಾಸ್ತಿನೇ. ಆಗುಂಬೆದು 7,000 ದಾಟುತ್ತೆ, ಹಂಗಾಗಿ ಅಂಕಿ ನೋಡಿ ಹೆದರೋದು ಬೇಡ. ಆದ್ರೆ ನಮ್ಮದು ಬಹುಪಾಲು ನಾಲ್ಕು ತಿಂಗಳಲ್ಲಿ ಸುರಿದು ಮುಗಿಯುತ್ತೆ, ಅವ್ರದ್ದು ವರ್ಷಪೂರ್ತಿ ಹಂಚ್ಕೊಂಡು ಬರುತ್ತೆ, ವರ್ಷದಲ್ಲಿ 200 ದಿನಕ್ಕಿಂತ ಜಾಸ್ತಿ. 2006ರ ಅಕ್ಟೋಬರ್ ಕೊನೆಗೆ ಹಿಡಿದಿದ್ದು 2007ರ ಜನವರಿ ತನಕ 85 ದಿನ ಒಂದು ದಿನವೂ ತಪ್ಪದೆ ಬಂದಿತ್ತಂತೆ. ಕಾರಣನೂ ನಮ್ಮ ಘಟ್ಟದ್ದೇ, ಅಟ್ಲಾಂಟಿಕ್ ಕಡೆಯಿಂದ ಬರೋ ತೇವದ ಗಾಳಿ ಕರಾವಳಿ ಗುಡ್ಡಕ್ಕೆ ಬಡಿದು ಮೇಲೇರಿ ತಣ್ಣಗಾಗಿ ಅಲ್ಲೇ ಸುರಿಯುತ್ತೆ. ಮಜಾ ಏನಂದ್ರೆ ಅಲ್ಲಿ ಮೇ ಜೂನ್ ಕಮ್ಮಿ ಮಳೆ ತಿಂಗಳು, ಅಂದ್ರೆ ಇಲ್ಲಿ ಮಳೆಗಾಲ ಹಿಡಿಯೋ ಹೊತ್ತಿಗೆ ಅಲ್ಲಿಗೆ ಹೊರಟ್ರೆ ಸರಿ ಆಗುತ್ತೆ. ಕೊಡೆ ಒಯ್ಯೋ ಕೆಲಸ ಇಟ್ಕೋಬೇಡಿ, ಬಂದರಿನ ಗಾಳಿ ಅದನ್ನ ತಿರುವಿ ಹಾಕುತ್ತೆ. ಟೋಪಿ ಇರೋ ಒಳ್ಳೇ ರೇನ್‌ಕೋಟು, ನೀರು ಇಳಿಯದ ಶೂ, ಒಳಗೊಂದು ಉಣ್ಣೆ ಬನಿಯನ್, ಇಷ್ಟು ಸಾಕು. ಅತ್ತೆ ಮೊದಲ ದಿನ ಕಿಟಕಿಲಿ ನೋಡ್ತಾ "ಮಳೆ ನೋಡಕ್ಕೆ ಇಷ್ಟು ದೂರ ಬರ್ಬೇಕಿತ್ತಾ, ನಮ್ಮನೆ ಜಗಲೀಲಿ ಕೂತಿದ್ರೆ ಬಿಟ್ಟಿ ಕಾಣ್ತಿತ್ತಲ್ಲ ಮಾರಾಯ್ತಿ" ಅಂತ ಒಂದು ಮಾತು ಅಂದ್ರು, ಆಮೇಲೆ ಊರೆಲ್ಲ ಎಲ್ರಿಗಿಂತ ಮುಂದೆ ನಡೆದಿದ್ದೂ ಅವ್ರೇ.

ಈಗ ಮುಖ್ಯ ವಿಷಯಕ್ಕೆ ಬರ್ತೀನಿ. ಬರ್ಗೆನ್ ಅಂದ್ರೆ ಬ್ರಿಗ್ಗೆನ್, ಹಳೇ ಬಂದರಿನ ದಡದಲ್ಲಿ ಸಾಲಾಗಿ ನಿಂತಿರೋ ಮರದ ಮನೆಗಳು, 1979ರಲ್ಲೇ ಯುನೆಸ್ಕೋ ಪಟ್ಟಿಗೆ ಸೇರಿದ ಜಾಗ. ಸುಮ್ನೆ ಹೋದ್ರೆ ಏನು ಕಾಣುತ್ತೆ ಹೇಳಿ, ನೀರಿನ ಪಕ್ಕ ಕೆಂಪು, ಹಳದಿ, ಬಿಳಿ ಬಣ್ಣದ ಮುಂಗೋಡೆ, ಚೂಪು ಮಾಡು, ಕೆಳಗೆ ಸ್ವೆಟರ್ ಅಂಗಡಿ, ಟ್ರೋಲ್ ಅನ್ನೋ ಅಲ್ಲಿನ ಕತೆಗಳ ರಾಕ್ಷಸನ ಮೂಗು ದಪ್ಪದ ಗೊಂಬೆ. ಫೋಟೋ ಹೊಡ್ಕೊಂಡು ಆಯ್ತು ಅಂತ ವಾಪಸ್ ಹೋಗೋರೇ ಜಾಸ್ತಿ. ಅಸಲು ಇರೋದು ಆ ಮುಂಗೋಡೆಗಳ ಹಿಂದೆ. ಎರಡು ಮನೆ ನಡುವೆ ಇಕ್ಕಟ್ಟಾದ ಓಣಿ, ಕೆಳಗೂ ಮರದ ಹಲಗೆ, ಮೇಲೆ ಎರಡೂ ಕಡೆಯಿಂದ ಚಾಚಿರೋ ಮರದ ಪಡಸಾಲೆ, ಮೂಟೆ ಎತ್ತೋ ರಾಟೆ, ತೀರಾ ಹಿಂದೆ ಬೆಂಕಿ ಬಿದ್ರೂ ಸಾಮಾನು ಉಳೀಲಿ ಅಂತ ಕಟ್ಟಿದ ಕಲ್ಲಿನ ಕೋಣೆ. ಒಂದು ಮನೆಯೂ ನೆಟ್ಟಗಿಲ್ಲ, ಒಂದು ಆ ಕಡೆ ವಾಲಿದ್ರೆ ಇನ್ನೊಂದು ಈ ಕಡೆ. ಮಳೆ ಬಂದು ಮರ ಒದ್ದೆ ಆದಾಗ ಒಂದು ವಾಸನೆ ಬರುತ್ತೆ ನೋಡಿ, ಹಳೇ ತೊಟ್ಟಿಮನೆ ಅಟ್ಟ ಹತ್ತಿದೋರಿಗೆ ಅದನ್ನ ಹೇಳಿ ಕೊಡೋದೇ ಬೇಡ.

ಇದಕ್ಕೆ ಬ್ರಿಗ್ಗೆನ್ಸ್ ಮ್ಯೂಸಿಯಂನವ್ರದ್ದೇ ಒಂದು ಗೈಡೆಡ್ ವಾಕ್ ಇದೆ, ಬೇಸಿಗೆ ತಿಂಗಳಲ್ಲಿ ಇಂಗ್ಲಿಷ್‌ನಲ್ಲಿ ಮಾಡ್ತಾರೆ, ಒಂದೂವರೆ ಗಂಟೆ ಹತ್ರ. ಇಡೀ ಬರ್ಗೆನ್‌ನಲ್ಲಿ ಒಂದಕ್ಕೆ ಮಾತ್ರ ದುಡ್ಡು ಕೊಡೋದು ಅಂತ ಆದ್ರೆ ಇದಕ್ಕೆ ಕೊಡಿ. ನಮಗೆ ಸಿಕ್ಕಿದ್ದು ಒಬ್ಬಳು ಕಾಲೇಜು ಹುಡುಗಿ, ಮಳೆಲಿ ನೆನೀತಾ ನಿಂತು ಅಷ್ಟು ಚಂದ ಹೇಳಿದ್ಲು, ಬಾಯಿಪಾಠ ಒಪ್ಪಿಸೋ ತರ ಇರ್ಲಿಲ್ಲ, ಕೇಳಿದ್ದಕ್ಕೆಲ್ಲ ಉತ್ತರ, ಅತ್ತೆಗೋಸ್ಕರ ನಿಧಾನಕ್ಕೆ ನಡೆದ್ಲು. ಊರು ಶುರುವಾಗಿದ್ದು 1070ರ ಹೊತ್ತಿಗೆ, ಓಲಾವ್ ಕಿರ್ರೆ ಅನ್ನೋ ರಾಜನ ಕಾಲದಲ್ಲಿ ಅಂತ ಹೇಳ್ತಾರೆ. 1360ರ ಹೊತ್ತಿಗೆ ಜರ್ಮನ್ ವ್ಯಾಪಾರಸ್ಥರ ಒಕ್ಕೂಟ, ಹನ್ಸಿಯಾಟಿಕ್ ಲೀಗ್ ಅಂತಾರಲ್ಲ, ಅವ್ರು ಇಲ್ಲಿ ಕೋಠಿ, ಅಂದ್ರೆ ವ್ಯಾಪಾರದ ಠಾಣೆ, ಹಾಕಿದ್ರು. ಹೊರದೇಶದಲ್ಲಿ ಅವ್ರಿಗೆ ಅಂಥ ದೊಡ್ಡ ಕೋಠಿ ಇದ್ದಿದ್ದು ನಾಲ್ಕೇ ಕಡೆ, ಲಂಡನ್, ಬ್ರೂಜ್, ರಷ್ಯಾದ ನವ್‌ಗೊರೋದ್, ಮತ್ತೆ ಬರ್ಗೆನ್. ಇಲ್ಲಿಯದ್ದು 1754ರ ತನಕ ನಡೀತು. 1754 ಅಂದ್ರೆ ನಮ್ಮ ಕಡೆ ಬಿದನೂರಲ್ಲಿ ಕೆಳದಿಯೋರು ಇನ್ನೂ ಆಳ್ತಿದ್ರು, ಹೈದರಾಲಿ ಬಂದು ನಗರ ಹಿಡಿದಿದ್ದು 1763ಕ್ಕೆ. ಹಂಗೆ ಇಟ್ಟು ನೋಡಿದ್ರೆ ಇಸವಿ ತಲೇಲಿ ಕೂರುತ್ತೆ, ನನಗಂತೂ ಹಂಗೆ.

ವ್ಯಾಪಾರ ಎಂತದ್ದು ಅಂದ್ರೆ ಒಣಮೀನು. ತೀರಾ ಉತ್ತರದ ಲೋಫೋಟೆನ್ ಕಡೆ ಚಳಿಗಾಲದಲ್ಲಿ ಹಿಡಿದ ಕಾಡ್ (cod) ಅನ್ನೋ ಜಾತಿಯ ಸಮುದ್ರದ ಮೀನನ್ನ ಉಪ್ಪೂ ಹಾಕದೆ ಮರದ ಚಪ್ಪರಕ್ಕೆ ನೇತುಹಾಕಿ ಗಾಳಿಗೆ ಒಣಗಿಸ್ತಾರೆ, ಸೌದೆ ಆಗುತ್ತೆ ಅದು, ವರ್ಷಗಟ್ಟಲೆ ಕೆಡಲ್ಲ. ಯುರೋಪಲ್ಲಿ ಕ್ರೈಸ್ತರ ಉಪವಾಸದ ದಿನ ಮಾಂಸ ತಿನ್ನಂಗಿಲ್ಲ, ಮೀನು ಆಗ್ಬಹುದು, ಹಂಗಾಗಿ ಎಷ್ಟು ಬಂದ್ರೂ ಖರ್ಚು. ಈ ಕಡೆ ನಾರ್ವೆಲಿ ಊಟಕ್ಕೆ ಸಾಲೋಷ್ಟು ದವಸ ಬೆಳೀತಿರ್ಲಿಲ್ಲ, ಜರ್ಮನ್ನರು ಧಾನ್ಯ ತರೋದು, ಮೀನು ಒಯ್ಯೋದು. ಇಲ್ಲಿ ತನಕ ಸಾಮಾನ್ಯ ಕತೆ. ಆಮೇಲೆ ಗೈಡ್ ಹುಡುಗಿ ಹೇಳಿದ್ಲು, ಉತ್ತರದ ಬೆಸ್ತರಿಗೆ ಈ ವ್ಯಾಪಾರಸ್ಥರು ಧಾನ್ಯ, ಸಾಮಾನು ಎಲ್ಲ ಸಾಲಕ್ಕೆ ಕೊಡ್ತಿದ್ರು, ಮುಂದಿನ ವರ್ಷ ಮೀನು ತಂದು ಅದೇ ವ್ಯಾಪಾರಿಗೆ ಹಾಕ್ಬೇಕು, ಸಾಲ ತೀರೋ ತನಕ ಬೇರೆಯೋರ ಹತ್ರ ಹೋಗಂಗಿಲ್ಲ, ಸಾಲ ತೀರೋದೂ ಇಲ್ಲ. ನಮ್ಮನೆಯವ್ರು ಅಲ್ಲೇ ನಕ್ಕುಬಿಟ್ರು. ಶಿವಮೊಗ್ಗದ ಅಡಿಕೆ ಮಂಡಿ ವ್ಯವಹಾರ ನೋಡಿದೋರು ಯಾರಾದ್ರು ನಗ್ತಾರೆ. ಮಗಳ ಮದುವೆಗೋ ಆಸ್ಪತ್ರೆ ಖರ್ಚಿಗೋ ಅಡಿಕೆ ಕೊನೆ ಕೊಯ್ಲಿಗೆ ಮುಂಚೇನೇ ಮಂಡಿಯಿಂದ ಮುಂಗಡ ಎತ್ತೋದು, ಅಡಿಕೆ ಆದ್ಮೇಲೆ ಅಲ್ಲಿಗೇ ಹಾಕೋದು, ಪಟ್ಟಿಲಿ ಸಾಲ ಬಡ್ಡಿ ಮುರ್ಕೊಂಡು ಉಳಿದದ್ದು ಕೈಗೆ, ಮತ್ತೆ ಮಳೆಗಾಲಕ್ಕೆ ಇನ್ನೊಂದು ಮುಂಗಡ. ಆರುನೂರು ಏಳುನೂರು ವರ್ಷದ ಹಿಂದೆ ಎಲ್ಲೋ ಹಿಮದ ದೇಶದಲ್ಲಿ ಒಣಮೀನಿಗೂ ಇದೇ ಲೆಕ್ಕ ನಡೆದಿದೆ ಅಂದ್ರೆ ನೋಡಿ.

ಅಷ್ಟೇ ಅಲ್ಲ, ನಮ್ಮಲ್ಲಿ ಅಡಿಕೆಗೆ ಸರಕು, ಬೆಟ್ಟೆ, ರಾಶಿ, ಗೊರಬಲು ಅಂತ ಇರೋ ಹಂಗೆ ಅವ್ರಲ್ಲೂ ಒಣಮೀನಿಗೆ ದರ್ಜೆ ಇದೆ, ಈಗ್ಲೂ ಇಪ್ಪತ್ತರ ಹತ್ರ ದರ್ಜೆ, ಉದ್ದ ದಪ್ಪ ಬಣ್ಣ ವಾಸನೆ ನೋಡಿ ವಿಂಗಡಿಸೋಕೆ ವ್ರಾಕರ್ ಅಂತ ಒಬ್ಬ ಪಳಗಿದ ಮನುಷ್ಯ ಇರ್ತಾನೆ, ಅವ್ನು ಹೇಳಿದ್ದೇ ಕೊನೆ. ನಾದಿನಿ ಗಂಡ ಆ ಹುಡುಗಿಗೆ ಅಡಿಕೆ ಮಂಡಿ ಅಂದ್ರೆ ಎಂತದು ಅಂತ ಇಂಗ್ಲಿಷ್‌ನಲ್ಲಿ ವಿವರಿಸಿದ್ರು, ಅವ್ಳು ಕುತೂಹಲದಲ್ಲಿ ಎಲ್ಲ ಕೇಳಿ ಕೊನೆಗೆ "ಅದನ್ನ ತಿಂದ್ರೆ ಹೊಟ್ಟೆ ತುಂಬುತ್ತಾ" ಅಂದ್ಲು. ಅದಕ್ಕೆ ಮಾತ್ರ ನಮ್ಮಲ್ಲಿ ಯಾರ ಹತ್ರನೂ ಉತ್ತರ ಇರ್ಲಿಲ್ಲ.

ಆ ಜರ್ಮನ್ ಕೋಠಿ ಒಳಗಿನ ಜೀವನ ಕೇಳಿದ್ರೆ ಬೇಜಾರಾಗುತ್ತೆ. ಎಲ್ಲ ಗಂಡಸರೇ, ಮದುವೆ ಆಗಂಗಿಲ್ಲ, ಚಿಕ್ಕ ಚಿಕ್ಕ ಹುಡುಗರನ್ನ ಕೆಲಸ ಕಲೀಲಿ ಅಂತ ತಂದು ಹಾಕೋರು, ಕಪಾಟಿನ ತರದ ಗೂಡಲ್ಲಿ ಒಟ್ಟೊಟ್ಟಿಗೆ ಮಲಗ್ಬೇಕು. ಎಲ್ಲಾ ಮರ, ಅದಕ್ಕೆ ಬೆಂಕಿ ಹಚ್ಚೋದೇ ನಿಷೇಧ, ಬರ್ಗೆನ್ ಚಳಿಗಾಲದಲ್ಲಿ ಒಂದು ಒಲೆ ಇಲ್ಲ ಮನೇಲಿ. ಅಡುಗೆ ಮಾಡೋಕೆ, ಮೈ ಕಾಯಿಸ್ಕೊಳ್ಳೋಕೆ, ಸಭೆಗೆ ಎಲ್ಲದಕ್ಕೂ ಹಿಂದೆ ಪ್ರತ್ಯೇಕ ಕಟ್ಟಡ, ಸ್ಕೋಟ್‌ಸ್ಟುಯೆನೆ ಅಂತ, ಅದನ್ನೂ ಇದೇ ವಾಕ್‌ನಲ್ಲಿ ತೋರಿಸ್ತಾರೆ, ತಪ್ಪಿಸ್ಬೇಡಿ. ಇಷ್ಟು ಎಚ್ಚರಿಕೆ ಇದ್ರೂ ಊರು ಎಷ್ಟು ಸಲ ಸುಟ್ಟಿದೆಯೋ. 1702ರಲ್ಲಿ ಹೆಚ್ಚು ಕಮ್ಮಿ ಎಲ್ಲ ಹೋಯ್ತು, ಈಗ ನೋಡೋ ಬ್ರಿಗ್ಗೆನ್ ಅದ್ರ ನಂತರ ಅದೇ ಹಳೇ ಅಳತೆ, ಹಳೇ ಕ್ರಮದಲ್ಲೇ ಎಬ್ಬಿಸಿದ್ದು. 1955ರಲ್ಲಿ ಮತ್ತೆ ಒಂದು ಭಾಗ ಸುಟ್ಟು ಈಗ ಉಳಿದಿರೋದು 62 ಕಟ್ಟಡ. ಹನ್ಸಿಯಾಟಿಕ್ ಮ್ಯೂಸಿಯಂ ಅಂತ 1872ರಿಂದ ಇರೋ ಇನ್ನೊಂದು ಮ್ಯೂಸಿಯಂ ನಾವು ಹೋದಾಗ ಜೀರ್ಣೋದ್ಧಾರಕ್ಕೆ ಮುಚ್ಚಿತ್ತು, ವರ್ಷಗಟ್ಟಲೆ ಹಿಡಿಯೋ ಕೆಲಸ ಅದು, ತೆಗೆದಿದಾರಾ ಅಂತ ನೋಡ್ಕೊಂಡು ಹೋಗಿ.

ಆದ್ರೆ 1955ರ ಬೆಂಕಿಯಿಂದ ಒಂದು ಲಾಭ ಆಯ್ತು. ಸುಟ್ಟ ಜಾಗ ಅಗೆದು ನೋಡಿದ್ರೆ ಕೆಳಗೆ ಹಳೇ ಬರ್ಗೆನ್ ಪದರ ಪದರವಾಗಿ ಸಿಕ್ತು, ಅದ್ರ ಮೇಲೇನೇ ಬ್ರಿಗ್ಗೆನ್ಸ್ ಮ್ಯೂಸಿಯಂ ಕಟ್ಟಿ 1976ರಲ್ಲಿ ತೆಗೆದ್ರು, ಒಳಗೆ ಹಳೇ ಅಡಿಪಾಯ ಇದ್ದಲ್ಲೇ ಇದೆ. ನನಗೆ ಎಲ್ಲಕ್ಕಿಂತ ಇಷ್ಟ ಆಗಿದ್ದು ರೂನ್ ಅನ್ನೋ ಆ ಕಡೆಯ ಹಳೇ ಕಾಲದ ಲಿಪಿ ಕೆತ್ತಿರೋ ಮರದ ಚಕ್ಕೆಗಳು, 670ರ ಹತ್ರ ಸಿಕ್ಕಿವೆ. ರಾಜರ ಶಾಸನ ಅಲ್ಲ ಮಾರಾಯ್ರೆ, ಎಷ್ಟೋ ಚಕ್ಕೆ ಸರಕಿನ ಮೂಟೆಗೆ ಕಟ್ಟಿದ್ದ ಚೀಟಿ, ಇದು ಇಂಥೋರದ್ದು ಅಂತ, ನಾವು ಅಡಿಕೆ ಚೀಲದ ಮೇಲೆ ಇನಿಶಿಯಲ್ ಬರೆಯಲ್ವ ಹಂಗೆ. ಇನ್ನೊಂದರಲ್ಲಿ ಗ್ಯೂಡಾ ಅನ್ನೋ ಹೆಂಗಸು ಗಂಡನಿಗೋ ಯಾರಿಗೋ ಹೇಳಿ ಕಳಿಸಿದಾಳೆ, ಮನೆಗೆ ಹೋಗ್ಬೇಕಂತೆ ನೀನು ಅಂತ. ಹೆಂಡದ ಅಂಗಡಿಲಿ ಕೂತೋನಿಗೆ ಬಂದ ಸಂದೇಶ ಇರ್ಬೇಕು ಅಂತ ಊಹೆ ಮಾಡ್ತಾರೆ. ಅದನ್ನ ನಾನು ನಮ್ಮನೆಯವ್ರಿಗೆ ಎರಡೆರಡು ಸಲ ಓದಿ ಹೇಳಿದೆ.

ಮರದ ವಿಷಯಕ್ಕೇ ಇನ್ನೊಂದು ಹೇಳ್ಬೇಕು, ಮನೆ ಕಟ್ಟೋ ಆಚಾರ್ರು ಯಾರಾದ್ರು ಓದ್ತಿದ್ರೆ ಅವ್ರಿಗೆ ಖುಷಿ ಆಗುತ್ತೆ. ಬ್ರಿಗ್ಗೆನ್ ನಿಂತಿರೋದು ದಿಮ್ಮಿಗಳ ಮೇಲೆ, ಕೆಳಗೆ ಶತಮಾನಗಳ ಮರ, ಗೊಬ್ಬರ, ಕಸ ತುಂಬಿ ತುಂಬಿ ದಡ ಮುಂದಕ್ಕೆ ಬಂದಿರೋದು. ಆ ಮರ ಇಷ್ಟು ಕಾಲ ಉಳಿದಿದ್ದು ಅಂತರ್ಜಲದಲ್ಲಿ ಮುಳುಗಿ ಗಾಳಿ ತಾಗದೆ ಇದ್ದಿದ್ದಕ್ಕೆ. 1955ರಲ್ಲಿ ಸುಟ್ಟ ಜಾಗದಲ್ಲಿ ಆಮೇಲೆ ದೊಡ್ಡ ಕಟ್ಟಡ ಎದ್ದು, ಅದ್ರ ತಳ ಒಣಗಿರ್ಲಿ ಅಂತ ನೀರು ಹೊರಗೆ ಹಾಕೋಕೆ ಶುರು ಮಾಡಿದ್ಮೇಲೆ ಪಕ್ಕದ ಹಳೇ ಮನೆಗಳ ಕೆಳಗಿನ ನೀರಿನ ಮಟ್ಟನೂ ಇಳೀತು, ಗಾಳಿ ಹೋಗಿ ಮರ ಕೊಳೀತು, ಮನೆಗಳು ವರ್ಷಕ್ಕೆ ಇಷ್ಟಿಷ್ಟು ಮಿಲಿಮೀಟರ್ ಕೂರ್ತಾ ಬಂದ್ವು. ಅದನ್ನ ಸರಿ ಮಾಡೋಕೆ ಏನು ಮಾಡಿದಾರೆ ಗೊತ್ತಾ, ಮಾಡಿನ ನೀರು, ಬೀದಿ ನೀರು ಚರಂಡಿಗೆ ಹೋಗದಂಗೆ ತಿರುಗಿಸಿ, ಹುಲ್ಲಿನ ತಗ್ಗು, ಕಲ್ಲಿನ ಕಾಲುವೆ ಮಾಡಿ ಅಲ್ಲೇ ಇಂಗಿಸ್ತಾರೆ. ಅಂದ್ರೆ ಟೂರಿಸ್ಟ್‌ಗಳು ಬೈಯೋ ಆ ಮಳೆನೇ ಕೆಳಗೆ ಹೋಗಿ ಆ ಮನೆಗಳನ್ನ ಹೊತ್ಕೊಂಡು ನಿಂತಿರೋದು. ಮಳೆ ಬಂತು ಅಂತ ಎರಡು ಸ್ಟಾರ್ ಕೊಟ್ಟೋರು ಇದನ್ನ ಓದ್ಬೇಕು.

ಇನ್ನು ಊಟ. ಬಂದರಿನ ತುದಿಲೇ ಮೀನು ಮಾರ್ಕೆಟ್ ಇದೆ, ನೋಡೋಕೆ ಚೆನ್ನಾಗಿದೆ, ಕೆಂಪು ಕಾಲಿನ ದೊಡ್ಡ ಏಡಿ, ಸಾಲ್ಮನ್, ತಿಮಿಂಗಿಲದ ಮಾಂಸ ಕೂಡ ಕಪ್ಪಗೆ ಇಟ್ಟಿರ್ತಾರೆ. ನಾವು ಹೋದ ದಿನ ಸೋಮವಾರ ಅಂತ ಅತ್ತೆ ಮೀನು ಮುಟ್ಟೋ ಹಂಗಿಲ್ಲ, ಬರೀ ರೇಟ್ ಬೋರ್ಡ್ ನೋಡ್ತಾ ಬಂದ್ರು, ಅದೇ ಒಳ್ಳೇದಾಯ್ತು. ಒಂದು ಕ್ರೋನ ಅಂದ್ರೆ ನಮ್ಮ ಏಳೆಂಟು ರೂಪಾಯಿ ಮೇಲೆ, ಆ ಲೆಕ್ಕದಲ್ಲಿ ಒಂದು ಬಟ್ಟಲು ಮೀನು ಸೂಪು ಸಾವಿರದೈನೂರು ದಾಟುತ್ತೆ. ಮರುದಿನ ಅಲ್ಲೇ ಆಸುಪಾಸಿನ ಒಂದು ಕಡೆ, ಹೆಸರು ಬೇಡ, ಏಡಿ ಆರ್ಡರ್ ಮಾಡಿದ್ವಿ, ಬೋರ್ಡಲ್ಲಿ ರೇಟು ನೂರು ಗ್ರಾಮಿಗೆ, ತೂಕ ಹಾಕಿದ್ದು ನಮಗೆ ಕಾಣ್ಸಿಲ್ಲ, ಬಿಲ್ಲು ಬಂದ್ಮೇಲೆ ಎಲ್ರೂ ಸ್ವಲ್ಪ ಹೊತ್ತು ಮಾತಾಡ್ಲಿಲ್ಲ. ಏಡಿ ರುಚಿ ಇತ್ತು, ಸುಳ್ಳು ಹೇಳಲ್ಲ, ಆದ್ರೆ ಆ ದುಡ್ಡಿಗೆ ಇಲ್ಲಿ ಮನೆಮಂದಿಗೆಲ್ಲ ಮಳೆಗಾಲ ಪೂರ್ತಿ ಕಾರೇಡಿ ತಿನ್ಬಹುದಿತ್ತು. ಸೂಪಿಗೆ ಕೆನೆ ಹಾಕಿ ಬೆಳ್ಳಗೆ ಮಾಡ್ತಾರೆ, ಅತ್ತೆ ಅದನ್ನ ನೋಡಿ "ಮೀನಿಗೆ ಹಾಲು ಸೇರಿಸ್ತಾರಾ, ಸೇರಿಸಬಾರ್ದಲ್ಲ" ಅಂತ ಚಮಚ ಕೆಳಗಿಟ್ರು. ನನಗೆ ಸೂಪು ಇಷ್ಟ ಆಯ್ತು, ಚಳಿಗೆ ಹಿತ, ಆದ್ರೆ ವಾಟೆಹುಳಿ ಮೀನ್ಸಾರು ತಿಂದ ನಾಲಿಗೆಗೆ ಖಾರ ಎಲ್ಲಿ ಅಂತ ಹುಡುಕೋ ಹಂಗೆ ಆಗುತ್ತೆ. ಕಮ್ಮಿ ದುಡ್ಡಲ್ಲಿ ಹೊಟ್ಟೆ ತುಂಬ್ಬೇಕಾದ್ರೆ ಟ್ರೆಕ್ರೊನೆರೆನ್ ಅನ್ನೋ ಪುಟ್ಟ ಗೂಡಂಗಡಿಗೆ ಹೋಗಿ, 1946ರಿಂದ ಇದೆಯಂತೆ, ಹಿಮಸಾರಂಗದ ಸಾಸೇಜು ಬನ್ನಲ್ಲಿಟ್ಟು ಕೆಂಪು ಹಣ್ಣಿನ ಜಾಮ್ ಹಾಕಿ ಕೊಡ್ತಾರೆ, ನಮ್ಮನೆಯವ್ರು ಮತ್ತೆ ಹೋಗಿ ತಿಂದ್ರು. ವೆಜ್‌ನವ್ರಿಗೆ ಕಷ್ಟ ಇಲ್ಲ ಅಂತ ಹೇಳಲ್ಲ. ಅಡುಗೆಮನೆ ಇರೋ ರೂಮು ತಗೊಂಡು ಅವಲಕ್ಕಿ, ಗೊಜ್ಜಿನ ಪುಡಿ ಬ್ಯಾಗಲ್ಲಿ ಇಟ್ಕೊಂಡೇ ಹೋಗಿ. ನಲ್ಲಿ ನೀರು ಚೆನ್ನಾಗಿದೆ, ಬಾಟ್ಲಿಗೆ ದುಡ್ಡು ದಂಡ ಮಾಡ್ಬೇಡಿ.

ಬೇಡ ಅಂತ ಹೇಳೋದು ಇನ್ನೊಂದು, ಊರು ತೋರಿಸೋ ಹತ್ತಿ ಇಳಿಯೋ ಟೂರಿಸ್ಟ್ ಬಸ್ಸು. ಕಂಪನಿ ಯಾವುದು ಅಂತ ಬೇಕಿಲ್ಲ. ಮಳೆಲಿ ಗಾಜೆಲ್ಲ ಮಂಜು ಹಿಡಿದು ಹೊರಗೆ ಎಂತದೂ ಕಾಣಲ್ಲ, ಕಿವಿಗೆ ಹಾಕ್ಕೊಳ್ಳೋದ್ರಲ್ಲಿ ವಿವರಣೆ ಒಂದು ಸ್ಟಾಪ್ ಹಿಂದೆ ಓಡ್ತಿತ್ತು, ಚರ್ಚಿನ ಮುಂದೆ ನಿಂತಾಗ ಅಕ್ವೇರಿಯಂ ಕತೆ ಹೇಳ್ತಿತ್ತು. ಅಸಲಿಗೆ ಹಳೇ ಊರು ಅಷ್ಟು ಚಿಕ್ಕದು, ಬಸ್ಸಲ್ಲಿ ಕೂರೋ ಹೊತ್ತಿಗೆ ನಡೆದೇ ಮುಗಿಸ್ಬಹುದು, ಆ ಓಣಿಗಳಿಗೆ ಬಸ್ಸು ಹೋಗೋದೂ ಇಲ್ಲ. ನೋರ್ಡ್‌ನೆಸ್, ಸ್ಯಾಂಡ್‌ವಿಕೆನ್ ಅನ್ನೋ ಕೇರಿಗಳ ಕಡೆ ಮಧ್ಯಾಹ್ನ ಸುಮ್ನೆ ಅಲೆದಾಡಿ, ಬಿಳಿ ಮರದ ಮನೆ, ಕಲ್ಲು ಹಾಸಿದ ಇಳಿಜಾರು, ಬಾಗ್ಲಲ್ಲಿ ಹೂವಿನ ಕುಂಡ, ಟೂರಿಸ್ಟೇ ಇರಲ್ಲ. ಜಾರುತ್ತೆ ಮಾತ್ರ, ಪಾಚಿ ಕಟ್ಟಿದ ಅಂಗಳದಲ್ಲಿ ನಡೆಯೋಕೆ ಕಲ್ತಿರೋರಿಗೆ ತೊಂದ್ರೆ ಇಲ್ಲ.

ಗುಡ್ಡಕ್ಕೆ ಹೋಗೋ ರೈಲು, ಫ್ಲೋಯ್‌ಬಾನೆನ್, ಇದಕ್ಕೆ ದುಡ್ಡು ಕೊಡ್ಬಹುದು, ಆದ್ರೆ ಅರ್ಧ. 1918ರಿಂದ ಓಡ್ತಿದೆ, ಒಂದೇ ಹಗ್ಗಕ್ಕೆ ಎರಡು ಡಬ್ಬಿ, ಒಂದು ಇಳೀತಾ ಇನ್ನೊಂದನ್ನ ಎಳೆಯುತ್ತೆ, 844 ಮೀಟರ್ ದಾರಿ, ಮೇಲೆ ಫ್ಲೋಯೆನ್ ಗುಡ್ಡ 320 ಮೀಟರ್. ಎತ್ತರ ಕೇಳಿ ಕೊಡಚಾದ್ರಿ ಹತ್ತಿದೋರು ನಗ್ಬೇಡಿ, ಕೆಳಗೆ ಸಮುದ್ರ ಶುರುವಾಗಿ ನೇರ ಗುಡ್ಡ ಎದ್ದಿರೋದ್ರಿಂದ ಊರು, ಬಂದರು, ದ್ವೀಪಗಳು ಎಲ್ಲ ಕಾಲ ಕೆಳಗೇ ಹಾಸಿದಂಗೆ ಕಾಣುತ್ತೆ. ಹತ್ತೋಕೆ ಮಾತ್ರ ಟಿಕೆಟ್ ತಗೊಳ್ಳಿ, ಇಳಿಯೋದು ನಡೆದು, ಮುಕ್ಕಾಲು ಗಂಟೆ ಕಾಡಿನ ದಾರಿ, ಅದೇ ಚೆಂದ. ಮೇಲೆ ಬೇಸಿಗೆಲಿ ಆಡುಗಳಿವೆ, ಕುತ್ತಿಗೆಗೆ ಜಿಪಿಎಸ್ ಪಟ್ಟಿ, ಬೇಲಿ ಇಲ್ಲದೆನೇ ಗಡಿ ದಾಟಲ್ಲ ಅವು. ಅತ್ತೆಗೆ ಇಡೀ ಟ್ರಿಪ್ಪಲ್ಲಿ ಆಶ್ಚರ್ಯ ಆಗಿದ್ದು ಅದೊಂದೇ, ಒಂದು ನಮ್ಮ ತೋಟಕ್ಕೆ ನುಗ್ಗೋ ದನಗಳಿಗೆ ಸಿಗುತ್ತಾ ಕೇಳು ಅಂದ್ರು. ದೊಡ್ಡ ಕ್ರೂಸ್ ಹಡಗು ಬಂದ ದಿನ ಹಗಲು ಹೊತ್ತು ಹೋಗ್ಬೇಡಿ, ಕ್ಯೂ ನೋಡಿದ್ರೆ ಸಾಕಾಗುತ್ತೆ. ಜೂನ್‌ನಲ್ಲಿ ಸೂರ್ಯ ಮುಳುಗೋದೇ ರಾತ್ರಿ ಹನ್ನೊಂದರ ಮೇಲೆ, ಊಟ ಮುಗಿಸ್ಕೊಂಡು ಹೋದ್ರೂ ಬೆಳಕಿರುತ್ತೆ, ಜನ ಇರಲ್ಲ. ಇದಕ್ಕಿಂತ ಎತ್ತರದ್ದು ಉಲ್ರಿಕೆನ್, 643 ಮೀಟರ್, ಹೆಚ್ಚು ಕಮ್ಮಿ ನಮ್ಮ ಆಗುಂಬೆ ಊರಿನಷ್ಟೇ ಎತ್ತರ, ಅದಕ್ಕೆ ಕೇಬಲ್ ಕಾರು. ಮೋಡ ಇದ್ರೆ ಹೋಗ್ಲೇಬೇಡಿ, ಬೆಳ್ಳಗೆ ಬಿಟ್ಟು ಬೇರೆ ಎಂತದೂ ಕಾಣಲ್ಲ, ಬಿಸಿಲು ಬಿದ್ದ ದಿನ ಮಾತ್ರ ಹೊರಡಿ.

ಯಾವ ಟೂರ್ ಪ್ಯಾಕೇಜಲ್ಲೂ ತೋರಿಸ್ದೆ ಇರೋ ಒಂದು ಜಾಗ ಹೇಳ್ತೀನಿ. ಸೇಂಟ್ ಯೋರ್ಗೆನ್ ಆಸ್ಪತ್ರೆ, ಈಗ ಕುಷ್ಠರೋಗದ ಮ್ಯೂಸಿಯಂ. ನಮ್ಮನೆಯವ್ರು ಹೆಲ್ತ್ ಡಿಪಾರ್ಟ್‌ಮೆಂಟಲ್ಲಿ ಇದ್ದೋರು, ಹೊಸನಗರ ಕಡೆ ಮನೆ ಮನೆ ಸರ್ವೆ ಮಾಡಿ, ಮೈಮೇಲೆ ಮಚ್ಚೆ ಇದ್ಯಾ, ಮುಟ್ಟಿದ್ರೆ ಗೊತ್ತಾಗುತ್ತಾ ಅಂತ ಕೇಳ್ತಾ, ಮಾತ್ರೆ ಪಟ್ಟಿ ಹಂಚ್ತಾ ವರ್ಷಗಟ್ಟಲೆ ಓಡಾಡಿದೋರು. ಆ ರೋಗಕ್ಕೆ ಕಾರಣ ಆದ ಬ್ಯಾಕ್ಟೀರಿಯಾನ 1873ರಲ್ಲಿ ಗುರುತಿಸಿದ ಡಾಕ್ಟರ್ ಆರ್ಮವರ್ ಹ್ಯಾನ್ಸೆನ್ ಇದೇ ಬರ್ಗೆನ್‌ನೋರು. ಅಲ್ಲಿ ತನಕ ಇದು ವಂಶದಿಂದ ಬರೋದು ಅಂತ ದೊಡ್ಡ ದೊಡ್ಡ ಡಾಕ್ಟರುಗಳೇ ನಂಬಿದ್ರು, ಶಾಪ ಅಂತ ನಮ್ಮೂರಲ್ಲಿ ಹೇಳ್ತಿದ್ದ ಹಂಗೆ. 19ನೇ ಶತಮಾನದಲ್ಲಿ ನಾರ್ವೆಯ ಈ ಪಶ್ಚಿಮ ಕರಾವಳಿಲಿ ರೋಗ ಅಷ್ಟು ಇತ್ತು, ಶ್ರೀಮಂತ ದೇಶದ ರೋಗ ಅಲ್ಲ ಅಂತ ಅಂದ್ಕೊಂಡೋರು ಅಲ್ಲಿ ಹೋಗಿ ನೋಡ್ಬೇಕು. ಮರದ ಕಟ್ಟಡ, ನಡುವೆ ಹಜಾರ, ಸುತ್ತ ಇಬ್ಬಿಬ್ಬರಿಗೆ ಒಂದು ಅನ್ನೋಷ್ಟು ಸಣ್ಣ ಕೋಣೆ. ಕೊನೇ ಇಬ್ಬರು ರೋಗಿಗಳು 1946ರಲ್ಲಿ ತೀರ್ಕೊಂಡ್ರು. ಡ್ಯಾಪ್ಸೋನ್, ರಿಫಾಂಪಿಸಿನ್, ಕ್ಲೊಫಾಜಿಮಿನ್ ಮೂರೂ ಸೇರಿಸಿ ಕೊಡೋ ಚಿಕಿತ್ಸೆ ಡಬ್ಲ್ಯೂಎಚ್ಒ ಹೇಳಿದ್ದೇ 1980ರ ದಶಕದಲ್ಲಿ, ಅವ್ರಿಗೆ ಅದು ಸಿಗ್ಲಿಲ್ಲ. ನಮ್ಮನೆಯವ್ರು ಅಲ್ಲಿಂದ ಬೇಗ ಹೊರಡ್ಲೇ ಇಲ್ಲ, ನಾವೆಲ್ಲ ಹೊರಗೆ ಕಾದ್ವಿ. ಬೇಸಿಗೆ ಬಿಟ್ಟು ಬೇರೆ ಕಾಲಕ್ಕೆ ಹೋಗೋರು ತೆಗೆದಿರುತ್ತಾ ಅಂತ ವಿಚಾರಿಸ್ಕೊಂಡು ಹೋಗಿ.

ಬಾಕಿದ್ದು ಬೇಗ ಬೇಗ ಹೇಳ್ತೀನಿ. ಬಂದರಿನ ಬಾಯಲ್ಲಿ ಹೋಕನ್ ರಾಜ ಮಗನ ಮದುವೆಗೆ ಅಂತ ಕಟ್ಟಿಸಿದ ಕಲ್ಲಿನ ಸಭಾಂಗಣ ಇದೆ, 1261ರದ್ದು. 1944ರ ಏಪ್ರಿಲ್ 20ಕ್ಕೆ ಸ್ಫೋಟಕ ತುಂಬಿದ್ದ ಹಡಗೊಂದು ಬಂದರಲ್ಲೇ ಸಿಡಿದು ಅದ್ರ ಮಾಡು ಪೂರ್ತಿ ಹೋಗಿ ಗೋಡೆ ಮಾತ್ರ ಉಳಿದಿತ್ತು, ಈಗಿರೋದು ಮತ್ತೆ ಕಟ್ಟಿದ್ದು. ದೊಡ್ಡ ಖಾಲಿ ಹಾಲು, ಹೊರಗಿಂದ ನೋಡಿದ್ರೆ ಸಾಕು. ಫಾಂಟಾಫ್ಟ್‌ನ ಮರದ ಚರ್ಚು 1150ರ ಹೊತ್ತಿಂದು ಅಂತ ಬೋರ್ಡು ನೋಡಿ ಮೋಸ ಹೋಗ್ಬೇಡಿ, ಬೇರೆ ಊರಿಂದ 1883ರಲ್ಲಿ ತಂದು ನಿಲ್ಲಿಸಿದ್ದು, 1992ರಲ್ಲಿ ಯಾರೋ ಬೆಂಕಿ ಇಟ್ಟು ಸುಟ್ರು, ಈಗಿರೋ ಮರ ಹೊಸದು, ಆದ್ರೂ ಕೆಲಸ ನೋಡೋ ಹಂಗಿದೆ. ಸಂಗೀತ ಕೇಳೋರು ನಾರ್ವೆಯ ಹಳೇ ಸಂಗೀತಗಾರ ಎಡ್ವರ್ಡ್ ಗ್ರೀಗ್ ಮನೆಗೆ ಹೋಗಿ, ಟ್ರೋಲ್ಡ್‌ಹೌಗೆನ್ ಅಂತ, ಕೆರೆ ದಡದಲ್ಲಿ ಒಬ್ಬನೇ ಕೂತು ಬರೆಯೋಕೆ ಕಟ್ಕೊಂಡ ಪುಟ್ಟ ಗುಡಿಸ್ಲು ಹಾಗೇ ಇದೆ, ಬೇಸಿಗೆಲಿ ಮಧ್ಯಾಹ್ನ ಪಿಯಾನೋ ಕಛೇರಿ ಇರುತ್ತೆ, ವೇದಿಕೆ ಹಿಂದೆ ಪೂರ್ತಿ ಗಾಜು, ಆ ಗುಡಿಸ್ಲು ನೋಡ್ತಾನೇ ಕೇಳ್ಬಹುದು. ನಮ್ಮಲ್ಲಿ ಇಬ್ರು ನಿದ್ದೆ ಮಾಡಿದ್ರು, ಹೆಸರು ಹೇಳಲ್ಲ.

ದುಡ್ಡಿನ ವಿಷಯಕ್ಕೆ, ಬರ್ಗೆನ್ ಕಾರ್ಡ್ ಅಂತ 24 ಗಂಟೆಯಿಂದ 96 ಗಂಟೆ ತನಕದ್ದು ಸಿಗುತ್ತೆ, ಬಸ್ಸು ಟ್ರಾಮು ಫ್ರೀ, ಮ್ಯೂಸಿಯಂಗಳಿಗೆ ಫ್ರೀನೋ ಡಿಸ್ಕೌಂಟೋ ಇರುತ್ತೆ. ದಿನಕ್ಕೆ ಎರಡು ಮೂರು ಮ್ಯೂಸಿಯಂ ನೋಡೋರಿಗೆ ಲಾಭ, ಓಣಿ ಅಲೆದು ಗುಡ್ಡ ಇಳಿಯೋರಿಗೆ ನಷ್ಟ, ನೀವು ಯಾವ ಪೈಕಿ ನೋಡ್ಕೊಳ್ಳಿ. ನೋಟು ಬದಲಾಯಿಸ್ಕೊಳ್ಳೋ ರಗಳೆ ಬೇಡ, ಎಲ್ಲಾ ಕಡೆ ಕಾರ್ಡೇ ನಡೆಯುತ್ತೆ. ಭಾನುವಾರ ಅಂಗಡಿ ಬಹುಪಾಲು ಮುಚ್ಚಿರುತ್ತೆ, ಹಾಲು ತರಕಾರಿ ಶನಿವಾರನೇ ತಂದಿಟ್ಕೊಳ್ಳಿ. ಏರ್‌ಪೋರ್ಟಿಗೆ ಹೋಗೋಕೆ ಬಿಬಾನೆನ್ ಅನ್ನೋ ಟ್ರಾಮು ಇದೆ, ಊರ ಮಧ್ಯದಿಂದ ಮುಕ್ಕಾಲು ಗಂಟೆ, ಊರೊಳಗಿನ ಟಿಕೆಟ್ಟೇ ಸಾಕು, ಏರ್‌ಪೋರ್ಟ್ ಬಸ್ಸು ಬೇಗ ಹೋಗುತ್ತೆ ಆದ್ರೆ ರೇಟು ಜಾಸ್ತಿ. ಟ್ರಾಮಿಗೆ ಟಿಕೆಟ್ ಮೊದ್ಲೇ ಆ್ಯಪಲ್ಲೋ ಸ್ಟಾಪಿನ ಮೆಷಿನ್ನಲ್ಲೋ ತಗೊಂಡು ಹತ್ಬೇಕು, ಕಂಡಕ್ಟರ್ ಬಂದ್ಮೇಲೆ ಕೊಟ್ರಾಯ್ತು ಅಂತ ಕೂತ್ರೆ ಬರೋದು ದಂಡ ಹಾಕೋರು.